ಹಚ್ಚೆಯ ಶಾಯಿ ಮೈಯೊಳಗೆ ಹಿಡಿಯುವ ಹಾದಿ: ಹಾಕಿಸಿಕೊಳ್ಳುವವರು ತಿಳಿದಿರಬೇಕಾದದ್ದು

ಜಗಳೂರು ಕಡೆಯ ನನ್ನ ಅಜ್ಜಿಯ ಎಡ ಮುಂಗೈಯಲ್ಲಿ ತುಳಸಿಕಟ್ಟೆಯ ಹಚ್ಚೆಯೊಂದಿತ್ತು. ಮದುವೆಗೆ ಮುಂಚೆ, ಊರೂರು ತಿರುಗಿ ಹಚ್ಚೆ ಹೊಯ್ಯುತ್ತಿದ್ದ ಹೆಂಗಸೊಬ್ಬಳು ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚಿ ಮೂಡಿಸಿದ್ದಳಂತೆ. ನಾನು ಕಾಣುವ ಹೊತ್ತಿಗೆ ಅದರ ಗೆರೆಗಳು ಒದ್ದೆ ಕಾಗದದ ಮೇಲಿನ ಬರಹದ ಹಾಗೆ ಹರಡಿಕೊಂಡು, ಕಪ್ಪು ಹೋಗಿ ಹಸಿರು ಬೆರೆತ ನೀಲಿ ಮಾತ್ರ ಉಳಿದಿತ್ತು. ಅಷ್ಟೊಂದು ಮಸಿ ಎಲ್ಲಿ ಹೋಯಿತೆಂದು ಕೇಳಿದರೆ ಅಜ್ಜಿ "ಮೈ ಕುಡಿದೈತವ್ವಾ" ಎನ್ನುತ್ತಿದ್ದಳು. ಜೀವಶಾಸ್ತ್ರ ಓದಿ, ದಾವಣಗೆರೆಯ ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತಾ ವರ್ಷಗಳು ಕಳೆದ ಮೇಲೆ, ಆ ಮಾತು ಎಷ್ಟು ನಿಜವಾಗಿತ್ತೆಂದು ನನಗೆ ಅರ್ಥವಾಗಿದೆ.

ಈಗ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಕಾಲೇಜು ಮುಗಿಯುತ್ತಿದ್ದಂತೆಯೇ ಮಣಿಕಟ್ಟಿನಲ್ಲೋ ಕತ್ತಿನ ಹಿಂದೆಯೋ ಟ್ಯಾಟೂ ಹಾಕಿಸಿಕೊಂಡು ಬರುತ್ತಾರೆ. ಹಾಕಿಸಿಕೊಳ್ಳುವ ಮುಂಚೆ ಅವರು ಕೇಳುವುದು ನೋವೆಷ್ಟು, ಖರ್ಚೆಷ್ಟು ಎಂಬುದನ್ನು. ಶಾಯಿ ಒಳಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ತೀರಾ ಕಡಿಮೆ. ಹಚ್ಚೆ ಹಾಕಿಸಿಕೊಳ್ಳಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆದರೆ ಚರ್ಮದ ಮೇಲೆ ಕಾಣುವುದು ಹಚ್ಚೆಯ ಒಂದು ಭಾಗ ಮಾತ್ರ, ಇನ್ನೊಂದು ಭಾಗ ಕಣ್ಣಿಗೆ ಬೀಳದ ಕಡೆ ಹೋಗಿ ಜೀವಮಾನವಿಡೀ ಉಳಿಯುತ್ತದೆ ಎಂಬುದನ್ನು ತಿಳಿದು, ಅದಕ್ಕೆ ತಕ್ಕಂತೆ ಆರಿಸಿಕೊಂಡು, ಲೆಕ್ಕ ಬರೆದಿಟ್ಟುಕೊಳ್ಳಬೇಕೆಂಬುದು ನನ್ನ ಕಳಕಳಿ.

ಶಾಯಿ ಸಾಗುವ ಹಾದಿ

ಹಚ್ಚೆಯ ಸೂಜಿ ಚರ್ಮದ ಮೇಲ್ಪದರವನ್ನು ದಾಟಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದ ಒಳಚರ್ಮಕ್ಕೆ ಶಾಯಿಯನ್ನು ಇಳಿಸುತ್ತದೆ. ಮೇಲ್ಪದರವು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುವುದರಿಂದ ಅಲ್ಲಿ ಬಿದ್ದ ಬಣ್ಣ ನಿಲ್ಲುವುದಿಲ್ಲ. ಒಳಚರ್ಮ ಹಾಗೆ ಉದುರದ ಕಾರಣ ಅಲ್ಲಿ ಸೇರಿದ್ದು ಉಳಿಯುತ್ತದೆ. ಆದರೆ ಒಳಚರ್ಮವೆಂದರೆ ಬರಿಯ ಹಾಳೆಯಲ್ಲ, ಅಲ್ಲಿ ರಕ್ತನಾಳಗಳೂ ನರಗಳೂ ದುಗ್ಧರಸ (ಲಿಂಫ್ ಎಂಬ, ಅಂಗಾಂಶಗಳಿಂದ ಬಸಿದು ಬರುವ ತಿಳಿ ದ್ರವ) ಹರಿಯುವ ಸೂಕ್ಷ್ಮ ನಾಳಗಳೂ ಹೆಣೆದುಕೊಂಡಿವೆ. ಸೂಜಿ ಚುಚ್ಚಿದ ಪ್ರತಿಯೊಂದು ಕಡೆಯನ್ನೂ ದೇಹ ಗಾಯವೆಂದೇ ಎಣಿಸಿ, ಹೊರಗಿನಿಂದ ಬಂದದ್ದನ್ನು ನುಂಗಿ ಅರಗಿಸುವ ಭಕ್ಷಕ ಕೋಶಗಳನ್ನು ಅಲ್ಲಿಗೆ ಕಳಿಸುತ್ತದೆ. ಅವು ಬಣ್ಣದ ಕಣಗಳನ್ನು ನುಂಗುತ್ತವೆ, ಅರಗಿಸಲಾರವು. ಹೊಟ್ಟೆಯಲ್ಲಿ ಬಣ್ಣ ತುಂಬಿಕೊಂಡು ಅವು ಅಲ್ಲೇ ಕೂರುತ್ತವೆ. ನಾವು ಹಚ್ಚೆಯೆಂದು ಕಾಣುವುದು ಬಹುಮಟ್ಟಿಗೆ ಆ ಕೋಶಗಳನ್ನೇ. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಸಂಶೋಧಕರು ಇಲಿಗಳಲ್ಲಿ ತೋರಿಸಿಕೊಟ್ಟಂತೆ, ಇಂಥ ಕೋಶವೊಂದು ಸತ್ತಾಗ ಅದು ಬಿಟ್ಟುಹೋದ ಬಣ್ಣವನ್ನು ಹೊಸದಾಗಿ ಬಂದ ಇನ್ನೊಂದು ಕೋಶ ನುಂಗಿಕೊಳ್ಳುತ್ತದೆ. ಕದಲದೆ ನಿಂತಂತೆ ಕಾಣುವ ಹಚ್ಚೆಯು ಒಳಗೆ ಕೋಶದಿಂದ ಕೋಶಕ್ಕೆ ಕೈ ಬದಲಾಯಿಸುತ್ತಲೇ ಇರುತ್ತದೆ.

ಎಲ್ಲ ಕಣಗಳೂ ಹೀಗೆ ಅಲ್ಲೇ ನಿಲ್ಲುವುದಿಲ್ಲ. ಸಣ್ಣ ಕಣಗಳು ದುಗ್ಧರಸದ ನಾಳಗಳಿಗೆ ಸೇರಿ ಹತ್ತಿರದ ದುಗ್ಧರಸ ಗ್ರಂಥಿಗಳತ್ತ ಹೊರಡುತ್ತವೆ. ಕೈ ಮೇಲಿನ ಹಚ್ಚೆಯ ಬಣ್ಣ ಕಂಕುಳಿನ ಗ್ರಂಥಿಗಳಿಗೂ, ಕಾಲಿನದು ತೊಡೆಸಂದಿಗೂ, ಕತ್ತಿನದು ಕುತ್ತಿಗೆಯ ಗ್ರಂಥಿಗಳಿಗೂ ಹೋಗುತ್ತದೆ. ಭದ್ರಾ ನಾಲೆಯ ನೀರಿನಲ್ಲಿ ತೇಲಿ ಬಂದ ಮಣ್ಣು ನೀರು ನಿಂತ ಕಡೆ ಹೂಳಾಗಿ ಕೂರುವುದನ್ನು ನಮ್ಮ ಅಚ್ಚುಕಟ್ಟಿನ ರೈತರೆಲ್ಲ ಕಂಡಿದ್ದಾರೆ. ದುಗ್ಧರಸ ಗ್ರಂಥಿಯೂ ಹಾಗೆಯೇ ಸೋಸಿ ಹಿಡಿದಿಡುವ ಜಾಗ, ಮತ್ತು ಅಲ್ಲಿ ಹೂಳೆತ್ತುವವರು ಯಾರೂ ಇಲ್ಲ. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ, ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರದ ಕೇಂದ್ರದ ಅತಿ ಪ್ರಖರ ಎಕ್ಸ್‌ರೇ ಕಿರಣಗಳ ನೆರವಿನಿಂದ, ಹಚ್ಚೆಯಿದ್ದ ಮೃತ ವ್ಯಕ್ತಿಗಳ ಚರ್ಮವನ್ನೂ ಗ್ರಂಥಿಗಳನ್ನೂ ಪರೀಕ್ಷಿಸಿದರು. ಚರ್ಮದಲ್ಲಿ ದೊಡ್ಡ ಸಣ್ಣ ಕಣಗಳೆರಡೂ ಇದ್ದವು. ಗ್ರಂಥಿಗಳಿಗೆ ತಲುಪಿದ್ದು ಮುಖ್ಯವಾಗಿ ನ್ಯಾನೋ ಅಳತೆಯ, ಎಂದರೆ ಅತಿ ಸೂಕ್ಷ್ಮವಾದ ಕಣಗಳು. ಬರಿಗಣ್ಣಿಗೇ ಆ ಗ್ರಂಥಿಗಳು ಹಚ್ಚೆಯ ಬಣ್ಣಕ್ಕೆ ತಿರುಗಿದ್ದವು.

ಎಷ್ಟು ಪ್ರಮಾಣದ ಶಾಯಿಯ ಮಾತಿದು ಎಂಬುದನ್ನೂ ನೋಡಬೇಕು. ಒತ್ತಾಗಿ ಬಣ್ಣ ತುಂಬಿದ ಹಚ್ಚೆಯಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ ಸರಾಸರಿ 2.5 ಮಿಲಿಗ್ರಾಂನಷ್ಟು ಬಣ್ಣ ಸೇರುತ್ತದೆಂದು ಅಳೆದಿದ್ದಾರೆ. 100 ಚದರ ಸೆಂಟಿಮೀಟರ್, ಎಂದರೆ ಹೆಚ್ಚುಕಡಿಮೆ ಅಂಗೈಯಗಲದ ಹಚ್ಚೆಗೆ ಕಾಲು ಗ್ರಾಂ ಆಯಿತು. ಇಲಿಗಳ ಮೇಲಿನ ಪ್ರಯೋಗವೊಂದರಲ್ಲಿ 42 ದಿನಗಳೊಳಗೆ ಚರ್ಮದ ಬಣ್ಣದಲ್ಲಿ ಸುಮಾರು 32 ಪ್ರತಿಶತ ಕಡಿಮೆಯಾಗಿತ್ತು. ಬೇರೊಂದು ಪ್ರಯೋಗದಲ್ಲಿ ಇಲಿಯ ಯಕೃತ್ತಿನ ಭಕ್ಷಕ ಕೋಶಗಳಲ್ಲಿಯೂ ಬಣ್ಣ ಸಿಕ್ಕಿತು. 2025ರಲ್ಲಿ ಸ್ವಿಟ್ಜರ್ಲೆಂಡಿನ ಬೆಲಿನ್ಜೋನಾದ ಸಂಶೋಧಕರು, ಶಾಯಿ ಇಲಿಯ ಗ್ರಂಥಿಯನ್ನು ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ, ಅಲ್ಲಿನ ಭಕ್ಷಕ ಕೋಶಗಳು ಸಾಯತೊಡಗುತ್ತವೆ, ಉರಿಯೂತ ಎರಡು ತಿಂಗಳಾದರೂ ಆರಿರುವುದಿಲ್ಲ, ಅದೇ ಭಾಗದಲ್ಲಿ ಹಾಕಿದ ಲಸಿಕೆಗೆ ದೇಹ ಸ್ಪಂದಿಸುವ ರೀತಿಯೂ ಬದಲಾಗುತ್ತದೆ ಎಂದು ವರದಿ ಮಾಡಿದರು. ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗುತ್ತದೆಂದು ಹೇಳಲಾಗದು. ಆದರೂ ಹೊಸ ಹಚ್ಚೆ ಹಾಕಿಸಿದ ತೋಳಿಗೇ ಲಸಿಕೆ ಹಾಕಿಸಿಕೊಳ್ಳದೆ ಇನ್ನೊಂದು ತೋಳನ್ನು ಕೊಡುವುದರಲ್ಲಿ ಯಾವ ನಷ್ಟವೂ ಇಲ್ಲ.

ಬಾಟಲಿಯೊಳಗೆ ಏನಿದೆ

ಇಂದಿನ ಕಪ್ಪು ಶಾಯಿಯ ಮೂಲವಸ್ತು ಕಾರ್ಬನ್ ಬ್ಲ್ಯಾಕ್. ಅಜ್ಜಿಯ ದೀಪದ ಮಸಿಗೂ ನಮ್ಮೂರಿನ ಮಂಡಕ್ಕಿ ಭಟ್ಟಿಯ ಗೋಡೆಗೆ ಮೆತ್ತುವ ಮಸಿಗೂ ಅದು ಹತ್ತಿರದ ನೆಂಟ. ಅರೆಬರೆ ಉರಿದಾಗ ಹುಟ್ಟುವ ಇಂಥ ಮಸಿಯಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಅಂಟಿಕೊಂಡಿರಬಹುದು. ಶುದ್ಧೀಕರಣ ಚೆನ್ನಾಗಿದ್ದರೆ ಅವುಗಳ ಪ್ರಮಾಣ ಕಡಿಮೆ. ಕೆಂಪು, ಕಿತ್ತಳೆ, ಹಳದಿ ಬಣ್ಣಗಳು ಹೆಚ್ಚಾಗಿ ಅಜೋ ಎಂಬ ರಾಸಾಯನಿಕಗಳ ವರ್ಗದವು, ಬಿಸಿಲಿಗೂ ಲೇಸರ್‌ಗೂ ಇವು ಒಡೆದು ಅಮೈನ್ ಎಂಬ ಹಾನಿಕರ ರಾಸಾಯನಿಕಗಳಾಗಬಲ್ಲವು. ಬಿಳಿ ಬಣ್ಣ ಟೈಟಾನಿಯಂ ಡೈಆಕ್ಸೈಡ್. ಇವುಗಳಲ್ಲಿ ಹಲವು ಮೊದಲಿಗೆ ಪೇಂಟಿಗೂ ಪ್ಲಾಸ್ಟಿಕ್ಕಿಗೂ ಎಂದು ತಯಾರಾದ ಬಣ್ಣಗಳು, ಚರ್ಮದೊಳಗೆ ಚುಚ್ಚಲೆಂದು ಹುಟ್ಟಿದವಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಯುರೋಪಿನ ಒಕ್ಕೂಟವು 2022ರ ಜನವರಿ 4ರಿಂದ ಹಚ್ಚೆ ಶಾಯಿಯಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹೇರಿತು. ಒಂದು ನೀಲಿ ಮತ್ತು ಒಂದು ಹಸಿರು ಬಣ್ಣಕ್ಕೆ ಮಾತ್ರ ಮತ್ತೊಂದು ವರ್ಷ ಗಡುವು ಕೊಟ್ಟಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ಹಚ್ಚೆ ಶಾಯಿಯ ಮಾದರಿಗಳನ್ನು ಪರೀಕ್ಷಿಸಿದಾಗ 22 ಬಗೆಯ ಲೋಹಗಳು ಕಂಡುಬಂದವೆಂದು ಆರೋಗ್ಯ ಇಲಾಖೆ ಹೇಳಿತು. ಚೀಟಿಯಲ್ಲಿ ಅಚ್ಚಾದದ್ದನ್ನೂ ಪೂರ್ತಿ ನಂಬುವಂತಿಲ್ಲ: ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ 54 ಶಾಯಿಗಳ ಪೈಕಿ 45ರಲ್ಲಿ ಲೇಬಲ್ಲಿನಲ್ಲಿ ಹೇಳದ ಬಣ್ಣಗಳೋ ಬೇರೆ ಪದಾರ್ಥಗಳೋ ಇದ್ದವು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 14 ತಯಾರಕರ 75 ಮಾದರಿಗಳನ್ನು ನೋಡಿದಾಗ 26ರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಬಾಟಲಿಯ ಸೀಲು ಒಡೆಯದಿದ್ದರೆ ಒಳಗಿನದು ಶುದ್ಧ ಎಂಬ ನಮ್ಮ ನಂಬಿಕೆ ಇಲ್ಲಿ ಸಾಲದು.

ಕ್ಯಾನ್ಸರ್ ಬರುತ್ತದೆಯೇ ಎಂಬುದು ಪೋಷಕರು ನನ್ನನ್ನು ಮೊದಲು ಕೇಳುವ ಪ್ರಶ್ನೆ. 2024ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 11,905 ಮಂದಿಯ ಮಾಹಿತಿ ನೋಡಿ, ಹಚ್ಚೆಯಿದ್ದವರಲ್ಲಿ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾದ ಸಾಧ್ಯತೆ 21 ಪ್ರತಿಶತ ಹೆಚ್ಚಿರುವಂತೆ ಕಂಡಿತೆಂದರು. ಆದರೆ ಹಚ್ಚೆ ದೊಡ್ಡದಾದಷ್ಟೂ ಅಪಾಯ ಏರಿದಂತೆ ಅವರಿಗೆ ಕಾಣಲಿಲ್ಲ. 2025ರಲ್ಲಿ ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಅಂಗೈಗಿಂತ ದೊಡ್ಡ ಹಚ್ಚೆಗಳಿಗೂ ಚರ್ಮದ ಕ್ಯಾನ್ಸರ್ ಮತ್ತು ಲಿಂಫೋಮಾಕ್ಕೂ ನಂಟು ಕಂಡಿತು. ಇವೆರಡೂ ನಂಟನ್ನು ತೋರಿಸಿವೆ, ಶಾಯಿಯೇ ಕಾರಣವೆಂದು ಸಾಧಿಸಿಲ್ಲ. ಲಿಂಫೋಮಾ ಮೊದಲೇ ಅಪರೂಪದ ಕಾಯಿಲೆಯಾದ್ದರಿಂದ, ಅಪರೂಪದ್ದರ ಮೇಲೆ 21 ಪ್ರತಿಶತ ಸೇರಿದರೂ ಅದು ಅಪರೂಪವಾಗಿಯೇ ಉಳಿಯುತ್ತದೆ. ಇಷ್ಟರಿಂದ ಹೆದರಿ ಕೂರಬೇಕಾಗಿಲ್ಲ. ಚಿಕ್ಕ ಹಚ್ಚೆ, ಕಡಿಮೆ ಬಣ್ಣ ಎಂಬ ಆಯ್ಕೆಗೆ ಇಷ್ಟು ಸಾಕು.

ಹಾಕಿಸುವ ಮೊದಲು

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಹೃದಯದ ಕವಾಟದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆಯನ್ನೋ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನೋ ನುಂಗುತ್ತಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಗರ್ಭಿಣಿಯರೂ ಎದೆಹಾಲು ಕುಡಿಸುವವರೂ ಮುಂದೂಡುವುದು ಒಳ್ಳೆಯದು. ಕಿವಿ ಚುಚ್ಚಿಸಿದಾಗಲೋ ಗಾಯ ಮಾಗಿದಾಗಲೋ ಚರ್ಮ ಉಬ್ಬಿ ಗಂಟಾಗುವ ಮೈಗುಣ ಇದ್ದವರಿಗೆ, ಸೋರಿಯಾಸಿಸ್ ಅಥವಾ ತೊನ್ನು ಇದ್ದವರಿಗೆ ಹಚ್ಚೆಯ ಜಾಗದಲ್ಲೇ ಅದು ಮತ್ತೆ ಕಾಣಿಸಿಕೊಳ್ಳಬಹುದು. ಹೆಪಟೈಟಿಸ್ ಬಿ ಲಸಿಕೆ ಆಗಿರದ ವಯಸ್ಕರು 0, 1 ಮತ್ತು 6ನೇ ತಿಂಗಳ ಮೂರು ಡೋಸುಗಳನ್ನು ಮುಗಿಸಿಕೊಂಡೇ ಸೂಜಿಗೆ ಕೈ ಕೊಡಲಿ.

ಜಾಗ ಮತ್ತು ಬಣ್ಣದ ಆಯ್ಕೆಯಲ್ಲಿ ನನ್ನ ಸಲಹೆ ಸರಳ. ಮಚ್ಚೆಯ ಮೇಲೆ ಹಚ್ಚೆ ಬೇಡ, ಏಕೆಂದರೆ ಮಚ್ಚೆ ಮುಂದೆ ಬಣ್ಣವನ್ನೋ ಆಕಾರವನ್ನೋ ಬದಲಿಸಿದರೆ ಅದು ಬಣ್ಣದಡಿ ಮುಚ್ಚಿಹೋಗುತ್ತದೆ. ಅಲರ್ಜಿಗೆ ಅತಿ ಹೆಚ್ಚು ಕಾರಣವಾಗುವುದು ಕೆಂಪು. ಕಪ್ಪು ಗೆರೆಗಳಷ್ಟೇ ಇರುವ ಚಿತ್ತಾರಕ್ಕೆ ಒಳಸೇರುವ ಶಾಯಿಯೂ ಕಡಿಮೆ, ಮುಂದೆ ತೆಗೆಸಬೇಕೆಂದರೆ ಲೇಸರ್‌ಗೆ ಬೇಗ ಸಿಗುವುದೂ ಅದೇ. ಮೊದಲು ಒಂದು ಚುಕ್ಕೆ ಹಾಕಿಸಿ ನೋಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅಲರ್ಜಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಏಳುವುದುಂಟಾದ್ದರಿಂದ ಆ ಚುಕ್ಕೆ ಯಾವ ಭರವಸೆಯನ್ನೂ ಕೊಡಲಾರದು.

ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರಲ್ಲಿ ಹಚ್ಚೆಯ ಯಂತ್ರದ ಮುಂದೆ ಸುಮಾರು ಅರ್ಧ ಗಂಟೆ ನಿಂತು ನೋಡಿದ್ದೆ. ನೀರಿನ ಬಾಟಲಿಯ ಮುಚ್ಚಳವೊಂದರಲ್ಲಿ ಕಪ್ಪು ಶಾಯಿ ಇತ್ತು. ಹುಡುಗನೊಬ್ಬನ ಕೈ ಮೇಲೆ ಅವನ ತಾಯಿಯ ಹೆಸರು ಬರೆದು, ರಕ್ತದ ಹನಿಗಳನ್ನು ಬಟ್ಟೆಯ ತುಂಡಿನಿಂದ ಒರೆಸಿ, ಸೂಜಿಯನ್ನು ನೀರಿನ ಲೋಟದಲ್ಲಿ ಅದ್ದಿ ತೆಗೆದು, ಮುಂದಿನವನ ಕೈಗೆ ಅದೇ ಸೂಜಿ, ಅದೇ ಮುಚ್ಚಳದ ಶಾಯಿ. ಲೋಟದ ನೀರು ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು. ಸಾಲಿನಲ್ಲಿ ನಿಂತ ಐದಾರು ಹುಡುಗರಿಗೆ ನಾನು ಹೇಳಿದ್ದನ್ನು ಇಬ್ಬರು ಕೇಳಿ ಹೊರಟುಹೋದರು, ಉಳಿದವರು ನಿಂತೇ ಇದ್ದರು. ಆ ನೀರಿನ ಲೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಇವು ಹರಡುವುದಕ್ಕೆ ಅಷ್ಟು ಸಾಕು.

ಆದ್ದರಿಂದ ಅಂಗಡಿಗೆ ಮೊದಲ ಸಲ ಬರಿಗೈಯಲ್ಲಿ, ನೋಡಲೆಂದೇ ಹೋಗಿ. ಬೇರೆಯವರಿಗೆ ಹಚ್ಚೆ ಹಾಕುವುದನ್ನು ಕುಳಿತು ಗಮನಿಸಿ. ಸೂಜಿಯ ಕಾರ್ಟ್ರಿಡ್ಜ್‌ನ ಪೊಟ್ಟಣವನ್ನು ಗಿರಾಕಿಯ ಎದುರಿಗೇ ಒಡೆಯುತ್ತಾರೆಯೇ, ಕೆಲಸ ಮುಗಿದ ಮೇಲೆ ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕುತ್ತಾರೆಯೇ, ಶಾಯಿಯನ್ನು ಬಾಟಲಿಯಿಂದ ಒಬ್ಬರಿಗೊಂದು ಹೊಸ ಪುಟ್ಟ ಬಟ್ಟಲಿಗೆ ಸುರಿದು, ಮಿಕ್ಕಿದ್ದನ್ನು ಚೆಲ್ಲುತ್ತಾರೆಯೇ ಅಥವಾ ಮರಳಿ ಬಾಟಲಿಗೆ ಹಾಕುತ್ತಾರೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಕಪ್ಪನ್ನು ಬೂದು ಮಾಡಲು ಏನು ಬೆರೆಸುತ್ತಾರೆಂದು ತಪ್ಪದೆ ಕೇಳಿ. ನಲ್ಲಿ ನೀರಾಗಲಿ ಕ್ಯಾನಿನ ನೀರಾಗಲಿ ಸಲ್ಲದು, ಸೂಕ್ಷ್ಮಾಣುಮುಕ್ತ (ಸ್ಟೆರೈಲ್) ನೀರೇ ಆಗಬೇಕು. 2012ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ, ಮೊದಲೇ ತೆಳುಗೊಳಿಸಿ ಮಾರಿದ ಬೂದು ಶಾಯಿಯಿಂದ ಹಲವರಿಗೆ ಕ್ಷಯದ ಸೂಕ್ಷ್ಮಾಣುವಿನ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂನ ಸೋಂಕು ತಗುಲಿದ್ದು ಪತ್ತೆಯಾಗಿತ್ತು. ಬಾಟಲಿಯನ್ನು ಕೈಗೆ ಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ಹಾಕಿಸಿದ ಮೇಲಿನ ದಿನಗಳು

ಹೊಸ ಹಚ್ಚೆ ಎಂದರೆ ಸಾವಿರಾರು ಚುಚ್ಚುಗಳ ತೆರೆದ ಗಾಯ. ಕೈ ತೊಳೆದುಕೊಂಡು, ಮೃದು ಸೋಪು ಮತ್ತು ಶುದ್ಧ ನೀರಿನಿಂದ ದಿನಕ್ಕೆರಡು ಬಾರಿ ತೊಳೆದು, ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿದರೆ ಸಾಕು. ಅರಿಶಿನ, ಸುಣ್ಣ, ಬೂದಿ ಇವನ್ನು ಹಚ್ಚುವ ರೂಢಿ ನಮ್ಮ ಹಿರಿಯರಲ್ಲಿತ್ತು. ಅಡುಗೆಮನೆಯ ಅರಿಶಿನ ಸೂಕ್ಷ್ಮಾಣುಮುಕ್ತವಲ್ಲದ ಕಾರಣ ಈ ಒಂದು ವಿಷಯದಲ್ಲಿ ನಾನು ಹಿರಿಯರ ಮಾತನ್ನು ದಾಟುತ್ತೇನೆ. ಎರಡು ಮೂರು ವಾರ ನಾಲೆಯಲ್ಲಿ ಈಜುವುದು ಬೇಡ, ಕೆರೆಯೂ ಬೇಡ. ಕಣಕಾಲಿಗೆ ಹಾಕಿಸಿಕೊಂಡವರು ಗದ್ದೆಯ ಕೆಸರಿಗೆ ಇಳಿಯಬಾರದು, ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ಕೆಲಸವನ್ನೂ ಇನ್ನೊಬ್ಬರಿಗೆ ಒಪ್ಪಿಸಬೇಕು. ದಾವಣಗೆರೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆವರು ಗಾಯವನ್ನು ಕೆಣಕುತ್ತದೆ, ಬಿಸಿಲು ಬಣ್ಣವನ್ನು ಒಡೆಯುತ್ತದೆ. ಆದಷ್ಟೂ ಚಳಿಗಾಲದಲ್ಲಿ ಹಾಕಿಸಿ, ಮಾಗಿದ ಮೇಲೂ ತುಂಬುತೋಳಿನ ಹತ್ತಿ ಅಂಗಿ ತೊಡುವುದು ಮೇಲು.

ಗಾಯದ ಸುತ್ತಲಿನ ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವಾರಗಳ ನಂತರ ಬೂದು ಛಾಯೆಯಿರುವ ಕಡೆ ಸಣ್ಣ ಗುಳ್ಳೆಗಳು ಎದ್ದರೆ ಮೇಲೆ ಹೇಳಿದ ಮೈಕೋಬ್ಯಾಕ್ಟೀರಿಯಂ ಇರಬಹುದು, ಅದು ಸಾಮಾನ್ಯ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಒಂದೇ ಬಣ್ಣದ ಭಾಗ ಮಾತ್ರ ಉಬ್ಬಿ ತುರಿಸಿದರೆ ಅಲರ್ಜಿಯ ಸಂಭವ ಹೆಚ್ಚು. ಮೆಡಿಕಲ್ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಸ್ಟೆರಾಯ್ಡ್ ಮಿಶ್ರಿತ ಮುಲಾಮು ಹಚ್ಚಿದರೆ ತುರಿಕೆ ತಗ್ಗುತ್ತದೆ, ಒಳಗಿನ ಸೋಂಕು ಬೆಳೆಯುತ್ತದೆ. ಚರ್ಮರೋಗ ತಜ್ಞರು ನೋಡದೆ ಅದನ್ನು ಹಚ್ಚಲೇಬೇಡಿ.

ಕಂಕುಳಿನ ಗಂಟು ಮತ್ತು ಒಂದು ಚೀಟಿ

ನನ್ನ ಅಕ್ಕನ ಮಗನ ಬಲತೋಳಿನಲ್ಲಿ ಭುಜದಿಂದ ಮೊಣಕೈವರೆಗೆ ಕಪ್ಪು ಹಚ್ಚೆಯಿದೆ. ಹಾಕಿಸಿ ಮೂರು ವರ್ಷವಾದ ಮೇಲೆ ಅವನ ಬಲ ಕಂಕುಳಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನಮ್ಮಲ್ಲಿ ಗ್ರಂಥಿಗಳ ಕ್ಷಯ ಸಾಮಾನ್ಯವಾದ್ದರಿಂದ ವೈದ್ಯರು ಮೊದಲು ಆ ದಿಕ್ಕಿನಲ್ಲಿ ಯೋಚಿಸಿದರು. ಉದ್ದ ತೋಳಿನ ಅಂಗಿ ತೊಟ್ಟಿದ್ದ ಅವನು ಹಚ್ಚೆಯ ಮಾತೆತ್ತಲೇ ಇಲ್ಲ. ತೆಳು ಸೂಜಿಯಿಂದ ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕಪ್ಪು ಕಣಗಳನ್ನು ತುಂಬಿಕೊಂಡ ಭಕ್ಷಕ ಕೋಶಗಳು ಕಂಡವು. ಮೈಮೇಲೆ ಹಚ್ಚೆ ಇದೆಯೇ ಎಂದು ಆಗ ಕೇಳಿದರು. ಆ ಹತ್ತು ದಿನ ಅಕ್ಕ ಅನ್ನ ನೀರು ಬಿಟ್ಟಂತೆ ಇದ್ದಳು.

ಇಂಥದ್ದು ಬೇರೆಡೆಯೂ ನಡೆದಿದೆ. ಕ್ಯಾನ್ಸರ್ ರೋಗಿಗಳ ಪೆಟ್ ಸ್ಕ್ಯಾನ್‌ನಲ್ಲಿ ಹಚ್ಚೆಯ ಬಣ್ಣ ಹಿಡಿದ ಗ್ರಂಥಿಗಳು ಹರಡಿದ ಕ್ಯಾನ್ಸರಿನಂತೆ ಕಂಡದ್ದುಂಟು, ಸ್ತನದ ಎಕ್ಸ್‌ರೇಯಲ್ಲಿ ಕಂಕುಳಿನ ಬಣ್ಣ ಕ್ಯಾನ್ಸರಿನ ಸೂಚನೆಯಾಗಬಹುದಾದ ಸುಣ್ಣದ (ಕ್ಯಾಲ್ಸಿಯಂ) ಕಣಗಳಂತೆ ತೋರಿದ್ದೂ ಉಂಟು. ಹಾಗೆಂದು ಗಂಟು ಸಿಕ್ಕರೆ ಹಚ್ಚೆಯದೇ ಇರಬೇಕೆಂದು ಸುಮ್ಮನಾಗುವುದು ಇನ್ನೂ ದೊಡ್ಡ ತಪ್ಪು. ಎರಡು ಮೂರು ವಾರಕ್ಕೂ ಇಳಿಯದ ಗಂಟು, ರಾತ್ರಿ ಜ್ವರ, ಬೆವರು, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ತೋರಿಸಿಕೊಳ್ಳಲೇಬೇಕು, ತೋರಿಸುವಾಗ ಹಚ್ಚೆಯ ವಿಷಯ ಹೇಳಲೇಬೇಕು. ಎಂಆರ್‌ಐ ಮಾಡಿಸುವಾಗಲೂ ಹೇಳಿ. ಕಬ್ಬಿಣದ ಅಂಶವಿರುವ ಬಣ್ಣ ಅಪರೂಪಕ್ಕೆ ಬಿಸಿಯಾಗಿ ಉರಿಯುವುದುಂಟು. ರಕ್ತದಾನ ಶಿಬಿರದಲ್ಲಿಯೂ ಮುಚ್ಚಿಡಬೇಡಿ, ನಮ್ಮ ದೇಶದ ನಿಯಮದಂತೆ ಹಚ್ಚೆಯಾಗಿ 12 ತಿಂಗಳು ರಕ್ತ ಕೊಡುವಂತಿಲ್ಲ.

ತೆಗೆಸುವವರಿಗೂ ಈ ಹಾದಿಯ ತಿಳಿವಳಿಕೆ ಬೇಕು. ಸೇನಾ ಭರ್ತಿಗೆ ಹೊರಟ ನಮ್ಮ ಕಡೆಯ ಹುಡುಗರು ಹಚ್ಚೆ ಅಡ್ಡಿಯಾದೀತೆಂದು ಅವಸರದಲ್ಲಿ ಲೇಸರ್‌ಗೆ ಓಡುತ್ತಾರೆ. ಲೇಸರ್ ಬಣ್ಣವನ್ನು ಅಳಿಸುವುದಿಲ್ಲ, ಪುಡಿ ಮಾಡುತ್ತದೆ. ಪುಡಿಯಾದದ್ದನ್ನು ದೇಹವೇ ಸಾಗಿಸಬೇಕು, ಅದರಲ್ಲೊಂದು ಪಾಲು ಅದೇ ಗ್ರಂಥಿಗಳಿಗೆ ಹೋಗುತ್ತದೆ. ವಾರಗಳ ಅಂತರದಲ್ಲಿ ಹಲವು ಬಾರಿ ಮಾಡಿಸಬೇಕಾದ ಚಿಕಿತ್ಸೆಯಿದು, ಚರ್ಮರೋಗ ತಜ್ಞರ ಕೈಯಲ್ಲೇ ಆಗಬೇಕು. ಆಸಿಡ್, ಸುಣ್ಣ ಹಚ್ಚಿ ಸುಟ್ಟುಕೊಂಡವರ ಕೈಗಳನ್ನು ನಾನು ನೋಡಿದ್ದೇನೆ. ಹಚ್ಚೆ ಉಳಿದೇ ಇತ್ತು, ಮೇಲೊಂದು ಕಲೆ ಸೇರಿತ್ತು.

ಹಾಕಿಸಿದ ದಿನವೇ ಒಂದು ಚೀಟಿ ಬರೆದಿಟ್ಟುಕೊಳ್ಳಿ: ದಿನಾಂಕ, ಮೈಯ ಯಾವ ಭಾಗ, ಯಾವ ಯಾವ ಬಣ್ಣ, ಶಾಯಿಯ ಕಂಪನಿ, ಬ್ಯಾಚ್ ಸಂಖ್ಯೆ, ಅಂಗಡಿಯ ಹೆಸರು. ಬಾಟಲಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಅಲರ್ಜಿಯಾದರೂ ಸೋಂಕಾದರೂ ಸ್ಕ್ಯಾನ್‌ನಲ್ಲಿ ನೆರಳು ಕಂಡರೂ ವೈದ್ಯರು ಹಿಡಿದು ಹೊರಡುವ ಎಳೆ ಅದು. ಅಕ್ಕನ ಮಗ ಈಗ ಆ ಚೀಟಿಯನ್ನು ರಕ್ತದ ಗುಂಪಿನ ಕಾರ್ಡಿನ ಜೊತೆ ಪರ್ಸಿನಲ್ಲಿಟ್ಟುಕೊಂಡಿದ್ದಾನೆ.

ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಕೈತುಂಬ ಹಳೆಯ ಹಚ್ಚೆ ಇರುವ ತಾಯಂದಿರು ಇನ್ನೂ ಇದ್ದಾರೆ. ಸ್ತನ ತಪಾಸಣೆಗೋ ಗಂಟಿನ ಪರೀಕ್ಷೆಗೋ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳು ಅವರ ಪರವಾಗಿ ಬರೆದುಕೊಡಬಹುದು. ನನ್ನ ಅಜ್ಜಿಯ ಚೀಟಿಯಾಗಿದ್ದರೆ ಅದರಲ್ಲಿ ಇಷ್ಟಿರುತ್ತಿತ್ತು: ಎಡ ಮುಂಗೈ, ತುಳಸಿಕಟ್ಟೆ, ದೀಪದ ಮಸಿ, ಮದುವೆಗೆ ಮುಂಚೆ.